ಕಾರು ಕೊಂಡ ವರ್ಷ, ಕಾರು ಮಾರಿದ ವರ್ಷ

ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವ ದಾರಿಯಲ್ಲಿ ಈಗ ಹಳೆಯ ಜೀಪನ್ನು ಹುಡುಕಬೇಕು. ತಿರುವು ತಿರುವಿಗೂ ಕೆಎ–46 ನಂಬರಿನ ಹೊಸ, ಎತ್ತರದ ಗಾಡಿಗಳು ಎದುರಾಗುತ್ತವೆ. ಕೆಲವಕ್ಕೆ ಸೀಟಿನ ಪ್ಲಾಸ್ಟಿಕ್ಕನ್ನೇ ಇನ್ನೂ ತೆಗೆದಿಲ್ಲ. ಪೂಜೆಯ ಹಾರ ಬಾಡಿಲ್ಲ. ಕಾಫಿಗೆ ಬೆಲೆ ಬಂದಿದೆ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಲೆನಾಡಿಗೆ ಸಿರಿ ಬಂತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಆ ದಾರಿಯ ಒಂದು ಮನೆಯಲ್ಲಿ ಕಂಡ ಲೆಕ್ಕದ ಪುಸ್ತಕ ನನ್ನ ತಲೆಯಲ್ಲೇ ಕೂತಿದೆ.

ಆ ಮನೆಯ ಹಿರಿಯರು ಸಣ್ಣ ಬೆಳೆಗಾರರು. ನೀಲಿ ರಟ್ಟಿನ ಉದ್ದನೆಯ ಪುಸ್ತಕದಲ್ಲಿ ವರ್ಷಕ್ಕೊಂದು ಪುಟ. ಎಷ್ಟು ಇಂಚು ಮಳೆ, ಹೂಮಳೆ ಯಾವತ್ತು ಬಿತ್ತು, ಎಷ್ಟು ಮೂಟೆ ಬೆಳೆ, ಮೂಟೆಗೆ ಏನು ಬೆಲೆ, ಬ್ಯಾಂಕಿಗೆ ಕಟ್ಟಿದ್ದೆಷ್ಟು. ಮಳೆಯನ್ನು ಇಂಚಿನಲ್ಲಿ ಬರೆದಿಡುವ ಅಭ್ಯಾಸ ಕಾಫಿ ಸೀಮೆಗೆ ಹಳೆಯದು. ಇವರ ಪುಸ್ತಕದ ವಿಶೇಷ ಪುಟದ ತಳದಲ್ಲಿದೆ. ಮನೆಗೆ ಗಾಡಿ ಬಂದದ್ದನ್ನೂ ಮನೆಯಿಂದ ಗಾಡಿ ಹೋದದ್ದನ್ನೂ ಅವರು ಕೆಂಪು ಶಾಯಿಯಲ್ಲಿ ಗುರುತು ಮಾಡಿಟ್ಟಿದ್ದಾರೆ.

1995: ಹೊಸ ಎಸ್ಟೀಮ್. 2002: ಎಸ್ಟೀಮ್ ಮಾರಿದ್ದು, ಕೂಲಿ ಬಾಕಿಗೆ. 2011: ಬೊಲೆರೊ, ಸೆಕೆಂಡ್ ಹ್ಯಾಂಡ್. 2019: ಬೊಲೆರೊ ಮಾರಿದ್ದು. 2025: ಹೊಸ ಗಾಡಿ, ಐದು ವರ್ಷದ ಸಾಲ.

“ಗೌಡ್ರೇ, ಇದನ್ನ ಯಾಕೆ ಬರೆದಿಟ್ರಿ?” ಎಂದೆ.

“ಕಾರು ಯಾವಾಗ ತಗೊಂಡ್ರಿ ಅಂತ ಎಲ್ರೂ ಕೇಳ್ತಾರೆ. ಯಾವಾಗ ಮಾರಿದ್ರಿ ಅಂತ ಒಬ್ರೂ ಕೇಳಲ್ಲ. ಮಗನಿಗಾದ್ರೂ ಗೊತ್ತಿರ್ಲಿ ಅಂತ ಬರ್ದೆ” ಎಂದರು. ಆಮೇಲೆ ಅಂಗಳದ ಹೊಸ ಗಾಡಿಯ ಕಡೆ ನೋಡಿ, “ಈ ಸೀಮೇಲಿ ಬರೋ ಕಾರೆಲ್ಲ ಬ್ರೆಜಿಲ್‌ನೋರ ಕಷ್ಟದ ಮೇಲೆ ಬಂದಿದ್ದು” ಎಂದು ಸೇರಿಸಿದರು.

ಆ ಮಾತಿನಲ್ಲಿ ಬಹಳಷ್ಟು ನಿಜವಿದೆ. 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು, ಜಗತ್ತಿನ ಬೆಲೆ ನೆಗೆಯಿತು. ಅದೇ ಹೊತ್ತಿಗೆ ನಮ್ಮಲ್ಲಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಸಡಿಲವಾಗುತ್ತಿತ್ತು. ಅಲ್ಲಿಯವರೆಗೆ ಬೆಳೆಯನ್ನು ಮಂಡಳಿಗೆ ಒಪ್ಪಿಸಿ, ಹಣ ಕಂತು ಕಂತಾಗಿ ಬರುವುದನ್ನು ಕಾಯಬೇಕಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಏರಿದ ಬೆಲೆ ಒಂದೇ ಗಂಟಿನಲ್ಲಿ ಕೈಗೆ ಬಂದಾಗ ಮಲೆನಾಡಿನ ಅಂಗಳಗಳಿಗೆ ಕಾರು ಬಂತು. 2001ರ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ ಐವತ್ತು ಸೆಂಟಿಗಿಂತ ಕೆಳಗಿಳಿಯಿತು. ಕೂಲಿಗೂ ಗೊಬ್ಬರಕ್ಕೂ ಹಣ ಹುಟ್ಟದೆ ಗಾಡಿಗಳು ಒಂದೊಂದಾಗಿ ಘಟ್ಟ ಇಳಿದವು. 2011ರಲ್ಲಿ ಮತ್ತೆ ಬೆಲೆ. 2018, 2019ರಲ್ಲಿ ಎಡೆಬಿಡದ ಮಳೆ, ಗಿಡದಲ್ಲೇ ಕೊಳೆತು ಉದುರಿದ ಕಾಯಿ. ಈಚೆಗೆ ಬ್ರೆಜಿಲ್, ವಿಯೆಟ್ನಾಂ ಎರಡೂ ಬರಕ್ಕೆ ಸಿಕ್ಕಿ, 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆಯಿತು. ಇಲ್ಲಿ 50 ಕೆ.ಜಿ. ಮೂಟೆ ಪಾರ್ಚ್‌ಮೆಂಟ್ ಕಾಫಿ ಇಪ್ಪತ್ತು ಸಾವಿರ ರೂಪಾಯಿ ದಾಟಿತು. ಗೌಡರ ಕೆಂಪು ಶಾಯಿಯ ಸಾಲುಗಳು ಈ ಏರಿಳಿತದ ಹಿಂದೆಯೇ ನಡೆದಿವೆ.

ಹಾಗೆಂದು ಕಾರಿಗೂ ಸಿರಿಗೂ ಸಂಬಂಧವೇ ಇಲ್ಲ ಎನ್ನಲಾಗದು. ತಲಾ ಆದಾಯದ ಲೆಕ್ಕದಲ್ಲಿ ಚಿಕ್ಕಮಗಳೂರು ರಾಜ್ಯದ ಮೊದಲ ಸಾಲಿನ ಜಿಲ್ಲೆ, ಕಲಬುರಗಿ ಕೊನೆಯ ಸಾಲಿನದು. ಎರಡೂ ಕಡೆಯ ರಸ್ತೆಗಳಲ್ಲಿ ಆ ಅಂತರ ಕಣ್ಣಿಗೆ ಬೀಳುತ್ತದೆ. ದೇಶದ ಮಟ್ಟದಲ್ಲಿ ನೋಡಿದರೆ ಈ ನಂಟು ಸಡಿಲವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಯಲ್ಲಿ ಕಾರಿದೆಯೇ ಎಂದೂ ಕೇಳಿತ್ತು. ಗೋವಾದಲ್ಲಿ ನೂರರಲ್ಲಿ ಸುಮಾರು 45 ಮನೆಗಳು ಹೌದು ಎಂದವು, ಬಿಹಾರದಲ್ಲಿ 2. ಇಲ್ಲಿಯವರೆಗೆ ಸರಿ. ಆದರೆ ಜಮ್ಮು–ಕಾಶ್ಮೀರದಲ್ಲಿ ಸುಮಾರು 24, ಕರ್ನಾಟಕದಲ್ಲಿ 9, ತೆಲಂಗಾಣದಲ್ಲಿ 5. ತಲಾ ಆದಾಯದಲ್ಲಿ ಕರ್ನಾಟಕ, ತೆಲಂಗಾಣ ಎರಡೂ ಜಮ್ಮು–ಕಾಶ್ಮೀರಕ್ಕಿಂತ ಬಹಳ ಮುಂದಿವೆ. ಬೆಟ್ಟದ ನಾಡಿನಲ್ಲಿ ರೈಲು ಅಪರೂಪ, ಬಸ್ಸು ವಿರಳ. ಅಲ್ಲಿ ಕಾರೆಂದರೆ ಬದುಕಿನ ಅನಿವಾರ್ಯ. ನಮ್ಮ ಮಲೆನಾಡಿನ ಒಂಟಿ ಮನೆಗಳ ಕಥೆಯೂ ಅಷ್ಟೆ. ಆಷಾಢದ ರಾತ್ರಿ ಎದೆನೋವು ಬಂದವರನ್ನು ಹಾಸನಕ್ಕೆ ಮುಟ್ಟಿಸಬೇಕೆಂದರೆ ಮನೆಯಲ್ಲೊಂದು ಗಾಡಿ ಇರಲೇಬೇಕು. ಅಂಥ ಕಾರನ್ನು ಯಾರೂ ದೌಲತ್ತು ಎನ್ನಬಾರದು.

ಇನ್ನು ನಂಬರ್ ಪ್ಲೇಟಿನ ವಿಚಾರ. ಇದು ನನಗೆ ಬಲು ಇಷ್ಟದ್ದು. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್. ಪುದುಚೇರಿಯಲ್ಲಿ ತೆರಿಗೆ ತೀರಾ ಕಡಿಮೆ. ಹಾಗಾಗಿ ಬೆಂಗಳೂರಿನ ಸಿಗ್ನಲ್‌ನಲ್ಲಿ ಕೋಟಿ ಬೆಲೆಯ ಕಾರೊಂದು ‘ಪಿವೈ’ ಹೊತ್ತು ನಿಂತಿರುತ್ತದೆ. ಮಾಲೀಕ ಇಲ್ಲಿಯವ, ದುಡಿಮೆ ಇಲ್ಲಿಯದು, ಹೊಸ ಕಾರಿನ ಲೆಕ್ಕ ಮಾತ್ರ ಪುದುಚೇರಿಗೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಇಂಥ ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಹಿಡಿದು ತೆರಿಗೆ ಕಟ್ಟಿಸಿಕೊಂಡಿತು. ರಾತ್ರಿ ಮೆಜೆಸ್ಟಿಕ್ ಸುತ್ತಮುತ್ತ ನಿಂತರೆ ನಾಗಾಲ್ಯಾಂಡಿನ ‘ಎನ್‌ಎಲ್’ ಹೊತ್ತ ಸ್ಲೀಪರ್ ಬಸ್ಸುಗಳನ್ನೂ ನೋಡಬಹುದು. ಅವುಗಳಲ್ಲಿ ಹಲವಕ್ಕೆ ಕೊಹಿಮಾದ ರಸ್ತೆಯ ಪರಿಚಯವೇ ಇರಲಾರದು.

ನಂಬರ್ ಪ್ಲೇಟಿನ ಈ ಆಟ ನಮ್ಮಲ್ಲಷ್ಟೇ ಅಲ್ಲ. ಇಟಲಿಯ ಆಲ್ಪ್ಸ್ ಬೆಟ್ಟಗಳ ನಡುವೆ ಆವೊಸ್ಟಾ ಎಂಬ ಪುಟ್ಟ ಸೀಮೆಯಿದೆ. ಅಲ್ಲಿನ ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. ನೋಂದಾಯಿತ ಕಾರುಗಳು ಜನರಿಗಿಂತ ಹೆಚ್ಚು. ತೊಟ್ಟಿಲ ಮಗುವಿಗೂ ಒಂದೊಂದು ಕಾರು ಕೊಟ್ಟರೂ ಇನ್ನೂ ಉಳಿಯುತ್ತವೆ! ಯುರೋಪಿನ ಪಟ್ಟಿಗಳಲ್ಲಿ ಅದು ಮೇಲೆಯೇ ಇರುತ್ತದೆ. ಕಾರಣ ಸರಳ. ನೋಂದಣಿ ತೆರಿಗೆ ಅಲ್ಲಿ ಕಡಿಮೆ, ಆದ್ದರಿಂದ ಬಾಡಿಗೆ ಕಂಪನಿಗಳು ದೇಶದ ಎಲ್ಲೆಡೆ ಓಡುವ ತಮ್ಮ ಕಾರುಗಳನ್ನು ಅಲ್ಲೇ ನೋಂದಾಯಿಸುತ್ತವೆ. ಇದೇ ಕಣ್ಣಲ್ಲಿ ಸಕಲೇಶಪುರವನ್ನು ನೋಡಿದರೆ ಲೆಕ್ಕ ತಿರುವುಮುರುವು. ತೋಟದ ದುಡ್ಡಿನಲ್ಲಿ ಬೆಂಗಳೂರಿನ ಮಗ ಕೊಂಡ ಕಾರು ಬೆಂಗಳೂರಿನ ಸಿರಿಯಾಗಿ ದಾಖಲಾಗುತ್ತದೆ.

ಸಾಲದ ಮಾತೂ ಇದೆ. 2010ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನ ಉದ್ಯಮಿಗಳು ಒಟ್ಟಾಗಿ ಒಂದೇ ದಿನ 150 ಮರ್ಸಿಡಿಸ್ ಕಾರು ಕೊಂಡರು. ಮೊತ್ತ 65 ಕೋಟಿ ರೂಪಾಯಿ; ಅದರ ಬಹುಭಾಗ ನೂರಕ್ಕೆ 7ರ ಬಡ್ಡಿಯ ಬ್ಯಾಂಕ್ ಸಾಲ. ಪತ್ರಕರ್ತ ಪಿ. ಸಾಯಿನಾಥ್ ಆಗ ಟ್ರ್ಯಾಕ್ಟರ್ ಸಾಲದ ಬಡ್ಡಿಯನ್ನು ಪಕ್ಕದಲ್ಲಿಟ್ಟು ತೋರಿಸಿದರು: ಅದು ನೂರಕ್ಕೆ 12. ಆ ನಗರ ಇರುವ ಮರಾಠವಾಡ ಮತ್ತು ನಮ್ಮ ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಬರವೂ ಸಾಲದಿಂದ ಸಾಯುವ ರೈತರೂ ಎರಡು ಕಡೆಗೂ ಸಮ. ಆ 150 ಕಾರುಗಳು ಮರಾಠವಾಡ ಸಿರಿವಂತವಾಯಿತೆಂದು ಸಾರಲಿಲ್ಲ. ಬ್ಯಾಂಕಿನ ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ತೋರಿಸಿದವು.

ಮಲೆನಾಡಿನಲ್ಲೂ ಇಂಥ ಅಂತರವನ್ನು ಕಾಣಲು ದೂರ ಹೋಗಬೇಕಿಲ್ಲ. ಮೂಟೆಯ ಬೆಲೆ ಏರಿದಷ್ಟು ಹಣ್ಣು ಕೊಯ್ಯುವವರ ಕೂಲಿ ಏರಿಲ್ಲ. ಅಸ್ಸಾಂನಿಂದ ಬಂದು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಉಳಿದ ಕುಟುಂಬ ವಾರದ ಸಂತೆಗೆ ಇಂದಿಗೂ ನಡೆದೋ ಪಿಕಪ್‌ನ ಹಿಂಬದಿಯಲ್ಲಿ ನಿಂತೋ ಹೋಗುತ್ತದೆ. ಹೊಸ ಕಾರುಗಳ ಎಣಿಕೆಯಲ್ಲಿ ಅವರ ಗುರುತೇ ಇಲ್ಲ. ಅವರನ್ನು ಬಿಟ್ಟು ಹಾಕಿದ ಲೆಕ್ಕಕ್ಕೆ ಸಮೃದ್ಧಿ ಎಂದು ಹೆಸರಿಡುವುದು ತಪ್ಪು.

ಹೊಸ ಕಾರು ಒಂದು ವರ್ಷದ ಬೆಲೆಗೆ, ಒಂದು ಸಾಲದ ಮಂಜೂರಾತಿಗೆ, ಕೆಲವೊಮ್ಮೆ ಬರೀ ತೆರಿಗೆ ದರಕ್ಕೆ ಸಾಕ್ಷಿ. ಬೆಲೆ ಬಿದ್ದ ಎರಡು ವರ್ಷದ ನಂತರವೂ ಅದೇ ಅಂಗಳದಲ್ಲಿ ನಿಂತಿರುವ ಕಾರು ಮಾತ್ರ ಸಮೃದ್ಧಿಗೆ ಸಾಕ್ಷಿ ಹೇಳಬಲ್ಲದು. ಸಾಲದ ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಮಾರಿದರೆ ಮಾಲೀಕತ್ವದ ವರ್ಗಾವಣೆ ದಾಖಲಾಗುತ್ತದೆ. ಜಿಲ್ಲೆಯ ಪ್ರಗತಿ ತೋರಿಸಲು ಹೊಸ ನೋಂದಣಿಯ ಅಂಕಿ ಹಿಡಿಯುವ ನಮ್ಮ ಅಧಿಕಾರಿಗಳೂ ಜನಪ್ರತಿನಿಧಿಗಳೂ ಈ ಎರಡು ಅಂಕಿಗಳನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಲಿ. ಎಷ್ಟು ಕಾರು ಬಂದವು ಎಂಬುದರ ಜೊತೆಗೆ ಎಷ್ಟು ಸಾಲ ತೀರಿತು, ಎಷ್ಟು ಕಾರು ಮಾರಿಹೋದವು ಎಂಬುದೂ ನಮಗೆ ತಿಳಿಯಬೇಕು.