ಉಸಿರು ಏತಕ್ಕೆ?

ನನ್ನ ತಂದೆಯವರು ತೀರಿಕೊಂಡ ರಾತ್ರಿ ಅವರ ತೋಳಿಗೆ ಗ್ಲೂಕೋಸ್ ಹನಿಹನಿಯಾಗಿ ಇಳಿಯುತ್ತಿತ್ತು. ಉಸಿರು ನಿಂತಾಗ ಸೀಸೆಯಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ರಕ್ತದಲ್ಲಿ ಸಕ್ಕರೆಗೆ ಕೊರತೆಯಿಲ್ಲ. ಎಣ್ಣೆಯಿದ್ದೂ ದೀಪ ಆರಿದ್ದೇಕೆ? ಅದೇ ಪಾಠವನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಮತ್ತೆ ಪುಸ್ತಕ ತೆರೆದದ್ದು ತಿಂಗಳ ಮೇಲೆ.

ಉಸಿರಾಟವೆಂದರೆ ನಿಧಾನವಾದ ದಹನವೆಂದು ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಸಾರಿ ಎರಡು ಶತಮಾನಗಳು ಸಂದಿವೆ. 1782-83ರ ಚಳಿಗಾಲದಲ್ಲಿ ಅವರು ಗಿನಿ ಹಂದಿಯೆಂಬ ಪುಟ್ಟ ಪ್ರಾಣಿಯನ್ನು ಮಂಜುಗಡ್ಡೆಯ ನಡುವೆ ಇರಿಸಿ, ಅದರ ಮೈಶಾಖಕ್ಕೆ ಎಷ್ಟು ಗಡ್ಡೆ ಕರಗಿತೆಂದು ಅಳೆದರು. ಆದರೆ ಸೌದೆಯಂತೆ ಸಕ್ಕರೆ ಒಮ್ಮೆಲೇ ಉರಿದರೆ ನಾವು ಉಳಿದೇವೆ? ಜೀವಕೋಶವು ಆ ಉರಿಯನ್ನು ಹಲವು ಮೆಟ್ಟಿಲುಗಳಿಗೆ ಹಂಚಿಬಿಟ್ಟಿದೆ.

ಮೊದಲ ಹತ್ತು ಮೆಟ್ಟಿಲುಗಳಿಗೆ ಆಮ್ಲಜನಕ ಬೇಡ. ಆರು ಇಂಗಾಲಗಳ ಗ್ಲೂಕೋಸ್ ಅಣು ಕಿಣ್ವಗಳ ಕೈಗೆ ಸಿಕ್ಕು, ಮೂರು ಮೂರು ಇಂಗಾಲಗಳ ಎರಡು ಪೈರುವೇಟ್ ಅಣುಗಳಾಗಿ ಒಡೆಯುತ್ತದೆ. ನಿವ್ವಳ ಲಾಭ ಎರಡು ಎ.ಟಿ.ಪಿ. ಅಣುಗಳು. ಎ.ಟಿ.ಪಿ. ಕೋಶದ ಚಿಲ್ಲರೆ ಕಾಸು. ಸ್ನಾಯುವಿನ ಸೆಳೆತಕ್ಕೂ ನರದ ಸಂದೇಶಕ್ಕೂ ಅದನ್ನೇ ತೆರಬೇಕು. 1929ರಲ್ಲಿ ಅದನ್ನು ಕಂಡುಹಿಡಿದವರಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು.

ಪೈರುವೇಟ್ ಮುಂದೆ ಮೈಟೊಕಾಂಡ್ರಿಯವೆಂಬ ಕಿರುಕೋಣೆಯನ್ನು ಹೊಗುತ್ತದೆ. ಅಲ್ಲಿ, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರದ ಹೊಸ್ತಿಲಲ್ಲೂ ಒಳಗೂ ಇಂಗಾಲವು ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತದೆ. ನಾವು ಹೊರಬಿಡುವುದು ಅದನ್ನೇ. ಬಿಡುಗಡೆಯಾದ ಎಲೆಕ್ಟ್ರಾನುಗಳು ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಆ ಬಲದಿಂದ ಪ್ರೋಟಾನುಗಳು ಒಳಪೊರೆಯಾಚೆಗೆ ಸೇರಿ, ಕೆರೆಯ ನೀರು ಏರಿಯನ್ನು ಒತ್ತುವಂತೆ ಒತ್ತುತ್ತವೆ. ತೂಬಿನಲ್ಲಿ ಹರಿದಂತೆ ಮರಳುವಾಗ ಎ.ಟಿ.ಪಿ. ಸಿದ್ಧವಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಹೀಗೆಂದಾಗ ನಂಬಿದವರು ವಿರಳ. 1978ರಲ್ಲಿ ಅವರಿಗೆ ನೊಬೆಲ್ ಬಂದಿತು. ಒಂದು ಗ್ಲೂಕೋಸಿನಿಂದ ಒಟ್ಟು ದೊರೆಯುವ ಎ.ಟಿ.ಪಿ. ಸುಮಾರು 30.

ಸಾಲಿನ ಕಟ್ಟಕಡೆಗೆ ನಿಂತು ಎಲೆಕ್ಟ್ರಾನುಗಳನ್ನು ಪಡೆದು ನೀರಾಗುವುದು, ನಾವು ಒಳಗೆಳೆದ ಆಮ್ಲಜನಕ. ಅದು ಬಾರದಿದ್ದರೆ ಸಾಲೆಲ್ಲ ಸ್ತಬ್ಧ. ಮೂವತ್ತರ ಬದಲು ಎರಡೇ. ಓಡುವವನ ಕಾಲು ಅಷ್ಟರಲ್ಲೇ ತುಸು ಹೊತ್ತು ನಿಭಾಯಿಸೀತು. ಮಿದುಳು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ.

ಸೀಸೆಯಲ್ಲಿ ಸಕ್ಕರೆಯಿತ್ತು, ಕಡೆಯಲ್ಲಿ ಕೈಯೊಡ್ಡುವವರಿರಲಿಲ್ಲ. ತಿಳಿದದ್ದರಿಂದ ನನ್ನ ದುಃಖವೇನೂ ಇಳಿಯಲಿಲ್ಲ. ಆದರೆ ಅಂದಿನಿಂದ ಈ ಪಾಠವನ್ನು ಮಕ್ಕಳಿಗೆ ಉಸಿರಿನಿಂದಲೇ ಆರಂಭಿಸುತ್ತ ಬಂದಿದ್ದೇನೆ.