ಬಸಿರು, ಓದು ಮತ್ತು ಒಂದು ಅರ್ಜಿ

ಸೆಮಿಸ್ಟರಿನ ನಡುವೆ ವಿದ್ಯಾರ್ಥಿನಿಯೊಬ್ಬಳು ಬಸುರಿ ಎಂದು ಗೊತ್ತಾದರೆ ಮನೆಯವರು ಹೇಳುವುದು, ‘ಓದು ಆಮೇಲೆ ನೋಡಿಕೊಂಡರಾಯಿತು’. ಕಾಲೇಜಿನವರು ಹೇಳುವುದು, ‘ಹಾಜರಿ ಇಲ್ಲದಿದ್ದರೆ ನಾವೇನೂ ಮಾಡೋಕಾಗಲ್ಲ’. ಒಂದು ಕಾಳಜಿಯ ಮಾತು, ಇನ್ನೊಂದು ನಿಯಮದ ಮಾತು. ಆದರೆ ಎರಡನ್ನೂ ಕೇಳಿಸಿಕೊಂಡ ಹುಡುಗಿ ಸದ್ದಿಲ್ಲದೆ ತರಗತಿಗೆ ಬರುವುದನ್ನು ಬಿಡುತ್ತಾಳೆ. ‘ಈಗ ಕಾನೂನಿನಲ್ಲೇ ಆರು ತಿಂಗಳು ರಜೆ ಇದೆಯಲ್ಲ’ ಎಂದು ನಿಶ್ಚಿಂತೆಯಿಂದ ತವರಿಗೆ ಹೊರಡುವವರೂ ಇದ್ದಾರೆ. ಪರೀಕ್ಷೆಯ ಪ್ರವೇಶಪತ್ರ ಬಾರದಿದ್ದಾಗಲೇ ಅವರಿಗೆ ನಿಜ ತಿಳಿಯುವುದು. ಏನೂ ಸಿಗುವುದಿಲ್ಲ ಎಂಬುದು ಎಷ್ಟು ತಪ್ಪೋ, ಎಲ್ಲ ತಾನಾಗಿ ಸಿಗುತ್ತದೆ ಎಂಬುದೂ ಅಷ್ಟೇ ತಪ್ಪು. ಸೌಲಭ್ಯಗಳಿವೆ, ಆದರೆ ಒಂದೇ ಕಡೆ ಇಲ್ಲ. ಅವು ಸಿಗುವುದು ಸಮಯ ಮೀರುವ ಮೊದಲು ಬರೆದು ಕೇಳಿದವರಿಗೆ.

ತಪ್ಪು ಕಲ್ಪನೆ: ಬಸುರಿಯಾದರೆ ಆ ವರ್ಷ ಹೋದ ಹಾಗೇ

ಈ ಭಯದ ಹಿಂದೆ ಒಂದು ಲೆಕ್ಕವಿದೆ. ಒಂದು ಸೆಮಿಸ್ಟರಿಗೆ ಸುಮಾರು 90 ಕೆಲಸದ ದಿನಗಳು ಎಂದುಕೊಳ್ಳಿ. ಶೇ. 75 ಹಾಜರಿ ಬೇಕೆಂದರೆ 68 ದಿನ ಬರಲೇಬೇಕು, ತಪ್ಪಿಸಿಕೊಳ್ಳಬಹುದಾದದ್ದು 22 ದಿನ. ವಾರಕ್ಕೆ ಆರು ದಿನದಂತೆ ಅದು ನಾಲ್ಕು ವಾರವೂ ಆಗದು. ನಮ್ಮಲ್ಲಿ ಬಾಣಂತನವೆಂದರೆ ಮೂರು ತಿಂಗಳ ಮಾತು; ವೈದ್ಯರು ಹೇಳುವ ಆರು ವಾರದ ವಿಶ್ರಾಂತಿಯೂ ಈ 22 ದಿನಗಳಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಹಾಜರಿಯಲ್ಲಿ ರಿಯಾಯಿತಿ ಸಿಗದಿದ್ದರೆ ಒಂದು ಸೆಮಿಸ್ಟರ್ ಹೋಗುವುದು ಖಂಡಿತ. ಈ ಲೆಕ್ಕ ಬಲ್ಲ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2021ರ ಡಿಸೆಂಬರಿನಲ್ಲಿ ಎಲ್ಲ ಕುಲಪತಿಗಳಿಗೆ ಪತ್ರ ಬರೆಯಿತು. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆಯ ನಿಯಮ ರೂಪಿಸಿ, ಹಾಜರಿಯಲ್ಲಿ ಮತ್ತು ಪರೀಕ್ಷಾ ಅರ್ಜಿ ಸಲ್ಲಿಸುವ ದಿನಾಂಕದಲ್ಲಿ ರಿಯಾಯಿತಿ ಕೊಡಿ ಎಂದಿತು. ಕೇರಳ ಸರ್ಕಾರ 2023ರ ಜನವರಿಯಲ್ಲಿ, 18 ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳವರೆಗೆ ಹೆರಿಗೆ ರಜೆ ಕೊಡುವಂತೆ ತನ್ನ ವಿಶ್ವವಿದ್ಯಾಲಯಗಳಿಗೆ ಆದೇಶಿಸಿತು. ಪಿಎಚ್.ಡಿ. ಮಾಡುವವರಿಗಂತೂ ಅನುಮಾನಕ್ಕೆ ಎಡೆಯೇ ಇಲ್ಲ. 2022ರ ಆಯೋಗದ ನಿಯಮಾವಳಿಯಲ್ಲಿ, ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಸಂಶೋಧನೆಯ ಗರಿಷ್ಠ ಅವಧಿ ಆರು ವರ್ಷ, ಮರುನೋಂದಣಿಯಿಂದ ಎಂಟು. ಮಹಿಳೆಯರಿಗೆ ಇನ್ನೂ ಎರಡು ವರ್ಷ ಸೇರಿ ಹತ್ತರವರೆಗೂ ಹೋಗಬಹುದು.

ತಪ್ಪು ಕಲ್ಪನೆ: 26 ವಾರದ ರಜೆ ಎಲ್ಲರಿಗೂ ಇದೆ

ಈ 26 ವಾರ ಬಂದದ್ದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ. 1961ರ ಆ ಕಾಯ್ದೆ ರೂಪುಗೊಂಡದ್ದು ಉದ್ಯೋಗಸ್ಥ ಮಹಿಳೆಯರಿಗಾಗಿ. ಶುಲ್ಕ ಕಟ್ಟಿ ಓದುವವಳು ಯಾರ ನೌಕರಳೂ ಅಲ್ಲ, ಹಾಗಾಗಿ ಆಕೆಗೆ ಈ ರಜೆ ನೇರವಾಗಿ ಅನ್ವಯಿಸುವುದಿಲ್ಲ. ಆಯೋಗದ 2021ರ ಪತ್ರವಾದರೂ ನಿಯಮ ರೂಪಿಸಿ ಎಂದು ಹೇಳಿದೆಯೇ ಹೊರತು ತಾನೇ ರಜೆ ಕೊಟ್ಟಿಲ್ಲ. ಈ ಖಾಲಿ ಜಾಗ ಎಷ್ಟು ದುಬಾರಿ ಎಂಬುದು ನ್ಯಾಯಾಲಯದ ತೀರ್ಪುಗಳಲ್ಲಿ ಕಾಣುತ್ತದೆ. 2018ರಲ್ಲಿ ದೆಹಲಿ ಹೈಕೋರ್ಟಿಗೆ ಹೋದ ಕಾನೂನು ವಿದ್ಯಾರ್ಥಿನಿಗೆ ವಕೀಲರ ಪರಿಷತ್ತಿನ ಹಾಜರಿ ನಿಯಮ ಅಡ್ಡ ಬಂತು, ಪರಿಹಾರ ಸಿಗಲಿಲ್ಲ. 2023ರಲ್ಲಿ ಅದೇ ಹೈಕೋರ್ಟು ಮೀರತ್‌ನ ಚೌಧರಿ ಚರಣ್ ಸಿಂಗ್ ವಿಶ್ವವಿದ್ಯಾಲಯದ ಎಂ.ಇಡಿ. ವಿದ್ಯಾರ್ಥಿನಿಯ 59 ದಿನಗಳ ಹೆರಿಗೆ ರಜೆಯ ಕೋರಿಕೆಯನ್ನು ಮರುಪರಿಶೀಲಿಸುವಂತೆ ಹೇಳಿತು. ಆ ಬಳಿಕ ಥಿಯರಿ ತರಗತಿಗಳಲ್ಲಿ ಶೇ. 80 ಹಾಜರಿ ತುಂಬಿದರೆ ಪರೀಕ್ಷೆಗೆ ಕೂರಿಸಿ ಎಂದಿತು. ಓದು ಮತ್ತು ತಾಯ್ತನದಲ್ಲಿ ಒಂದನ್ನು ಆರಿಸಿಕೋ ಎಂದು ಹೆಣ್ಣನ್ನು ಬಲವಂತಪಡಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಅದಕ್ಕೂ ಮೊದಲು, 2021ರಲ್ಲಿ, ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಇಂಥ ವಿದ್ಯಾರ್ಥಿನಿಯರಿಗಾಗಿ ನಿಯಮ ಮಾಡುವಂತೆ ಸೂಚಿಸಿತ್ತು. ನ್ಯಾಯಾಲಯಗಳು ವಾಲುತ್ತಿರುವ ಕಡೆ ಸ್ಪಷ್ಟವಾಗಿದೆ. ಆದರೆ ಒಂಬತ್ತು ತಿಂಗಳಲ್ಲಿ ಮುಗಿಯುವ ಬಸಿರಿಗೆ ವರ್ಷಗಟ್ಟಲೆ ನಡೆಯುವ ಮೊಕದ್ದಮೆ ಮದ್ದಲ್ಲ.

ತಪ್ಪು ಕಲ್ಪನೆ: ರಜೆ ಹಾಕಿದರೆ ಹಣ ನಿಲ್ಲುತ್ತದೆ

‘ಹಣ’ ಎಂದು ಒಂದೇ ಮಾತಿನಲ್ಲಿ ಹೇಳಿದಾಗಲೇ ಗೊಂದಲ ಶುರು. ಫೆಲೋಶಿಪ್, ವಿದ್ಯಾರ್ಥಿವೇತನ, ಶಿಕ್ಷಣ ಸಾಲ ಮೂರಕ್ಕೂ ಬೇರೆ ಬೇರೆ ನಿಯಮ. ಆಯೋಗದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆ.ಆರ್.ಎಫ್.) ಪಡೆಯುವವರಿಗೆ, 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿರುವ ಆ ಮೊತ್ತ, ಹೆರಿಗೆ ರಜೆಯಲ್ಲೂ ಪೂರ್ತಿ ಸಿಗುತ್ತದೆ. ಆದರೆ ಫೆಲೋಶಿಪ್ ಅವಧಿಯಲ್ಲಿ ಒಂದೇ ಸಲ. ವಿದ್ಯಾರ್ಥಿವೇತನದ ಕಥೆ ಬೇರೆ. ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ (ಎಸ್.ಎಸ್.ಪಿ.) ಪೋರ್ಟಲಿನಲ್ಲಿ ಅರ್ಜಿ ಹಾಕುವವರ ನವೀಕರಣ ನಿಂತಿರುವುದು ಓದು ಮುಂದುವರಿದಿದೆ ಎಂಬ ದಾಖಲೆಯ ಮೇಲೆ. ಅಂದರೆ ನಿಜವಾದ ಅಪಾಯ ಬಸುರಿನಿಂದಲ್ಲ, ಮಂಜೂರಾಗದ ಗೈರುಹಾಜರಿಯಿಂದ. ಮದುವೆಯಾದರೆ ವಿದ್ಯಾರ್ಥಿವೇತನ ರದ್ದು ಎಂಬುದೂ ಸುಳ್ಳು. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ನಿಯಮಗಳು, ಉದ್ಯೋಗವಿಲ್ಲದ ವಿವಾಹಿತೆಯ ವಿಷಯದಲ್ಲಿ ಗಂಡನ ಆದಾಯ ನೋಡಬೇಕೆಂದು ಬಹುಕಾಲದಿಂದ ಹೇಳುತ್ತ ಬಂದಿವೆ. ಮದುವೆಯಾದವಳೂ ಓದುತ್ತಾಳೆ ಎಂದು ಒಪ್ಪಿಕೊಳ್ಳದೆ ಇಂಥ ಸಾಲು ಬರೆಯಲು ಸಾಧ್ಯವೇ? ಇನ್ನು ಸಾಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಓದು ಸಮಯಕ್ಕೆ ಮುಗಿಯದಿದ್ದರೆ ಬ್ಯಾಂಕು ಎರಡು ವರ್ಷದವರೆಗೆ ಅವಧಿ ವಿಸ್ತರಿಸಬಹುದು, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಈ ಮೂರೂ ಅಲ್ಲದೆ, ವಿದ್ಯಾರ್ಥಿನಿ ಎಂಬ ಕಾರಣಕ್ಕೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ನೆರವೂ ತಪ್ಪುವುದಿಲ್ಲ. ಆದಾಯದಂಥ ಅರ್ಹತೆಗಳಿದ್ದರೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಕರ್ನಾಟಕದ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೂ ಆಕೆ ಅಂಗನವಾಡಿಗೆ ಹೋಗಬಹುದು.

ಆಕ್ಷೇಪಗಳು

ಗುಣಮಟ್ಟದ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ತರಗತಿಗೆ ಬಾರದ ನರ್ಸ್ ಅಥವಾ ಶಿಕ್ಷಕಿ ಯಾರಿಗೂ ಬೇಡ. ಆದರೆ ರಿಯಾಯಿತಿ ಎಂದರೆ ಕಲಿಕೆಯ ಮನ್ನಾ ಅಲ್ಲ. 240 ದಿನ ರಜೆ ಪಡೆದವಳ ಪ್ರಬಂಧವನ್ನೂ ಪರೀಕ್ಷಕರು ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಮೀರತ್ ಪ್ರಕರಣದಲ್ಲೂ ಕೋರ್ಟು ಶೇ. 80ನ್ನು ಅಳಿಸಲಿಲ್ಲ. ಲ್ಯಾಬು ಬಸುರಿಗೆ ಅಪಾಯವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಕೆಲವು ರಾಸಾಯನಿಕಗಳು ಮತ್ತು ವಿಕಿರಣ ನಿಜಕ್ಕೂ ಅಪಾಯ. ಆದರೆ ವಿಕಿರಣದಂಥ ಸೂಕ್ಷ್ಮ ಕ್ಷೇತ್ರದಲ್ಲೇ ನಿಯಮ ಏನೆನ್ನುತ್ತದೆ ನೋಡಿ: ಬಸಿರು ಗೊತ್ತಾದ ಮೇಲೆ ಭ್ರೂಣಕ್ಕೆ ತಾಗಬಹುದಾದ ಮಿತಿ 1 ಮಿಲಿಸೀವರ್ಟ್, ಅದಕ್ಕೆ ತಕ್ಕಂತೆ ಕೆಲಸ ಬದಲಿಸಿ. ಬಸುರಿ ಎಂದು ತಿಳಿಸಿದ್ದನ್ನೇ ನೆಪ ಮಾಡಿ ಆಕೆಯನ್ನು ಕೆಲಸದಿಂದ ದೂರ ಇಡಬಾರದು ಎಂದು ಅಂತರರಾಷ್ಟ್ರೀಯ ಸುರಕ್ಷಾ ಮಾನದಂಡ ಹೇಳುತ್ತದೆ. ಪರಮಾಣು ಸ್ಥಾವರಕ್ಕೆ ಒಗ್ಗುವ ವಿವೇಕ ರಸಾಯನಶಾಸ್ತ್ರ ವಿಭಾಗಕ್ಕೆ ಏಕೆ ಒಗ್ಗದು? ರಜೆ ಕೊಟ್ಟರೆ ಬೇಗ ಮದುವೆಗೆ ಉತ್ತೇಜನ ಕೊಟ್ಟಂತಾಗುತ್ತದೆ ಎಂಬ ವಾದವೂ ಇದೆ. ಕೇರಳದ ಆದೇಶ 18 ವರ್ಷದ ಗೆರೆ ಎಳೆದು ಇದಕ್ಕೆ ಉತ್ತರಿಸಿದೆ. ಹೆರಿಗೆ ರಜೆಯ ಆಸೆಗೆ ಯಾರೂ ಮದುವೆಯಾಗುವುದಿಲ್ಲ, ರಜೆ ಸಿಗದೆ ಓದು ಬಿಟ್ಟವರು ಮಾತ್ರ ಬೇಕಾದಷ್ಟು. ಜೆ.ಆರ್.ಎಫ್.ಗೆ ಮಹಿಳೆಯರ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಟ್ಟಿರುವ ವ್ಯವಸ್ಥೆ, ಆ ವಯಸ್ಸಿನಲ್ಲಿ ಮಕ್ಕಳೂ ಆಗುತ್ತವೆ ಎಂಬುದನ್ನು ಮರೆಯಬಾರದು.

ಕೊನೆಗೆ ಎಲ್ಲವೂ ಒಂದು ಹಾಳೆಯ ಮೇಲೆ ಬಂದು ನಿಲ್ಲುತ್ತದೆ. ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕ ಬರೆದಿರುತ್ತದೆ. ಅದರ ಜೆರಾಕ್ಸ್ ಪ್ರತಿ, ವೈದ್ಯರ ಪ್ರಮಾಣಪತ್ರ, ಎಂದಿನಿಂದ ಎಂದಿನವರೆಗೆ ರಜೆ ಬೇಕು, ತಪ್ಪಿದ ಇಂಟರ್ನಲ್ಸ್ ಮತ್ತು ಪ್ರಾಕ್ಟಿಕಲ್ಸ್ ಯಾವಾಗ ಮುಗಿಸುತ್ತೇನೆ ಎಂಬ ವಿವರ, ಜೊತೆಗೆ 2021ರ ಪತ್ರದ ಉಲ್ಲೇಖ. ಇಷ್ಟನ್ನು ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಕಳುಹಿಸಿ, ಟಪಾಲು ವಿಭಾಗದಲ್ಲಿ ಇನ್ನೊಂದು ಪ್ರತಿಯ ಮೇಲೆ ದಿನಾಂಕವಿರುವ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ‘ನೋಡೋಣಮ್ಮ’ ಎಂದು ಮುಗಿದುಹೋಗುವ ವಿಷಯ ಮೊಹರು ಬಿದ್ದ ಮೇಲೆ ಉತ್ತರ ಕೊಡಲೇಬೇಕಾದ ಕಡತವಾಗುತ್ತದೆ. ಫೆಲೋಶಿಪ್ ಕೇಳುವಾಗ, ಬ್ಯಾಂಕಿನಲ್ಲಿ ಅವಧಿ ವಿಸ್ತರಣೆ ಕೇಳುವಾಗ, ಬೇಕಾದರೆ ಹೈಕೋರ್ಟಿನಲ್ಲೂ ತೋರಿಸಲು ಇರುವುದು ಆ ಹಾಳೆಯೇ. ಸೀಮಂತಕ್ಕೆ ದಿನ ನೋಡುವ ಮನೆಯವರು ಆ ಅರ್ಜಿ ಕೊಡುವುದಕ್ಕೂ ಒಂದು ದಿನ ಗೊತ್ತು ಮಾಡಲಿ, ಅದೂ ಸೀಮಂತಕ್ಕಿಂತ ಮೊದಲೇ.