ಮೂಗಿಗೆ ತಿಳಿಯದ ವಿಷ

ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆ ಮನೆ ಹುಡುಕುವವರು ಸಾಮಾನ್ಯವಾಗಿ ಕೇಳುವುದು ನಾಲ್ಕೇ ಪ್ರಶ್ನೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ದಿನವೂ ಬರುತ್ತದೆಯೇ, ಬಸ್ಸು ಹತ್ತಿರವೇ? ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಲಗ್ಗೆರೆ, ಹೆಗ್ಗನಹಳ್ಳಿಯಲ್ಲಿ ಹುಡುಕಲಿ, ಎಲೆಕ್ಟ್ರಾನಿಕ್ ಸಿಟಿಯವರು ದೊಡ್ಡತೋಗೂರಿನಲ್ಲಿ, ವೈಟ್‌ಫೀಲ್ಡ್‌ನವರು ಕಾಡುಗೋಡಿಯಲ್ಲಿ ಹುಡುಕಲಿ, ಮಾತು ಇಷ್ಟೇ. ಬಚ್ಚಲುಮನೆಗೆ ಗಾಳಿಕಿಂಡಿ ಇದೆಯೇ ಎಂದು ಕೇಳುವವರು ವಿರಳ. ಅಲ್ಲಿ ಗ್ಯಾಸ್ ಗೀಸರ್ ಇದ್ದರಂತೂ ಮೊದಲು ಕೇಳಬೇಕಾದ್ದು ಅದನ್ನೇ.

2023ರ ಜೂನ್‌ನಲ್ಲಿ ಚಿಕ್ಕಜಾಲ ಬಳಿಯ ತರಬನಹಳ್ಳಿಯ ಬಾಡಿಗೆ ಮನೆಯೊಂದರ ಬಚ್ಚಲಲ್ಲಿ ಒಬ್ಬ ಯುವಕ, ಒಬ್ಬ ಯುವತಿ ಶವವಾಗಿ ಸಿಕ್ಕರು. ಗ್ಯಾಸ್ ಗೀಸರ್‌ನ ವಿಷಾನಿಲವೇ ಕಾರಣವೆಂದು ವರದಿಯಾಯಿತು. ಇಂಥ ಸುದ್ದಿಗಳು ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇವೆ.

ಇದು ಆಗುವುದು ಹೇಗೆ? ಗೀಸರ್‌ನ ಉರಿಗೆ ಗಾಳಿಯಲ್ಲಿನ ಆಮ್ಲಜನಕ ಬೇಕು. ಮುಚ್ಚಿದ ಪುಟ್ಟ ಕೋಣೆಯಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲು ಸೋತು ಬಾಗಿಲ ಚಿಲಕ ತೆಗೆಯಲೂ ಶಕ್ತಿ ಇರುವುದಿಲ್ಲ.

‘ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ?’ ಎನ್ನಬಹುದು. ನಿಜ. ಸಿಲಿಂಡರ್‌ನ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಆದರೆ ಕಾರ್ಬನ್ ಮೊನಾಕ್ಸೈಡ್ ಸೋರಿದ ಅನಿಲವಲ್ಲ, ಉರಿಯಿಂದ ಹುಟ್ಟಿದ್ದು. ಬಣ್ಣವಿಲ್ಲ, ವಾಸನೆಯಿಲ್ಲ. ಅಜ್ಜಿಯ ಕಾಲದ ಹಂಡೆ ಒಲೆಯ ಹೊಗೆ ಕಣ್ಣು ಉರಿಸುತ್ತಿತ್ತು, ಅದಕ್ಕೇ ಬಚ್ಚಲಿಗೆ ಹೊಗೆಗಂಡಿ ಇರುತ್ತಿತ್ತು. ಗೀಸರ್‌ನ ಹೊಗೆ ಕಾಣದು, ಹಾಗಾಗಿ ಗಂಡಿಯೂ ಬೇಡವೆಂದುಕೊಂಡೆವು.

ಅಲಾರಂ ಕೊಳ್ಳುವವರೂ ಇಲ್ಲೇ ಎಡವುತ್ತಾರೆ. ಅಡುಗೆಮನೆಗೆಂದು ಮಾರುವ ಗ್ಯಾಸ್ ಅಲಾರಂ ಕಾರ್ಬನ್ ಮೊನಾಕ್ಸೈಡ್ ಅನ್ನು ಗುರುತಿಸುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಬೇಕು. ಸಿಲಿಂಡರ್‌ನ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದರ ಅಲಾರಂ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ಈಗ ಹಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದರ ಅಲಾರಂ ಚಾವಣಿಯ ಹತ್ತಿರವಿರಬೇಕು. ಯಾವ ಅಲಾರಂ ಇದ್ದರೂ ಅದು ಗಾಳಿಕಿಂಡಿಗೆ ಬದಲಿಯಲ್ಲ.

ಬಾಡಿಗೆದಾರರ ಕಷ್ಟ ಬೇರೆ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕಾದವರು ಗಾಳಿಕಿಂಡಿ ಕೊರೆಯುವುದು ಹೇಗೆ? ಆದ್ದರಿಂದ ಮಾತು ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕು. ಗೀಸರ್ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿರಲಿ. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. 11 ತಿಂಗಳ ಕರಾರುಪತ್ರದಲ್ಲಿ ಸುಣ್ಣಬಣ್ಣದ ಖರ್ಚಿನ ಜತೆಗೆ ಇದನ್ನೂ ಒಂದು ಸಾಲಿನಲ್ಲಿ ಬರೆಸಿ. ರೆಗ್ಯುಲೇಟರ್, ರಬ್ಬರ್ ಕೊಳವೆ ನಿಮ್ಮ ಜವಾಬ್ದಾರಿ. ಕೊಳವೆಯ ಮೇಲೆ ಮುದ್ರಿಸಿದ ಅವಧಿ ಮುಗಿಯುವ ಮೊದಲೇ ಬದಲಿಸಿ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸ್ನಾನಕ್ಕೆ ಹೋದವರು ಕೂಗಿದರೂ ಓಗೊಡದಿದ್ದರೆ ಸಂಕೋಚ ಬೇಡ, ಬಾಗಿಲು ಒಡೆಯಿರಿ. ಬಯಲ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ. ತಕ್ಷಣ ಆಮ್ಲಜನಕ ಕೊಡಲು ಆ ಒಂದು ಮಾತು ನೆರವಾಗುತ್ತದೆ.

ಮಾಲೀಕರು ಒಪ್ಪುವವರೆಗೆ ಏನು ಮಾಡುವುದು? ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ನಾಲ್ಕಾರು ನಿಮಿಷ ಗಾಳಿಯಾಡಲು ಬಿಟ್ಟು ಆಮೇಲೆ ಒಳಗೆ ಹೋಗಿ. ನೀರು ಕೊಂಚ ಆರಬಹುದು. ಆದರೆ ಮಕ್ಕಳನ್ನು ಸ್ನಾನಕ್ಕೆ ಕಳಿಸಿದ ಮೇಲೆ ನೆಮ್ಮದಿಯಿಂದ ಕಾಫಿ ಕುಡಿಯಬಹುದು.